ಮೇಷ್ಟ್ರೇ, ಮೊದಲು ನಿಂತ ಕಾಲು ನೋಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ನಾನು ಆಡಿದ್ದು ಕಬಡ್ಡಿ, ವಾಲಿಬಾಲ್. ಫುಟ್ಬಾಲ್ ಕಲಿತಿದ್ದು ಮಕ್ಕಳಿಗೆ ಕಲಿಸುತ್ತಲೇ. ಈ ಸಲ ತಾಲೂಕು ಮಟ್ಟದ ಸೆಮಿಫೈನಲ್‌ನಲ್ಲಿ ಎದುರಿನ ತಂಡದವರು ಒಂದು ಗೋಲು ಹೊಡೆದು, ಆಮೇಲೆ ಅಷ್ಟೂ ಜನ ಪೆನಾಲ್ಟಿ ಬಾಕ್ಸಿನೊಳಗೆ ಬಂದು ನಿಂತುಬಿಟ್ಟರು. ಒಳಗೆ ನುಗ್ಗಲು ಜಾಗವೇ ಇಲ್ಲ. ನಮ್ಮ ಹುಡುಗರು ಹೊರಗಿನಿಂದ ಹೊಡೆದಿದ್ದೆಲ್ಲ ಬಾರ್ ಮೇಲೆ ಹೋಯಿತು. ಇಲ್ಲದಿದ್ದರೆ ಗೋಲಿಯ ಕೈಗೆ ಉರುಳಿಕೊಂಡು ಹೋಯಿತು. ದೂರದಿಂದ ಹೊಡೆಯೋದನ್ನು ಕಲಿಸಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಿನಾ ನೂರು ಶಾಟ್ ಹೊಡೆಸಿ, ನೀರಲ್ಲಿ ನೆನೆಸಿದ ಬಾಲಲ್ಲಿ ಹೊಡೆಸಿದರೆ ಕಾಲಿಗೆ ಬಲ ಬರುತ್ತೆ, ಜಿಮ್‌ಗೆ ಕಳಿಸಿ, ಹೀಗೆ. ಹುಡುಗರು ಮೊಬೈಲಲ್ಲಿ ನೋಡಿಕೊಂಡು ಬಂದು ಗಾಳಿಯಲ್ಲಿ ಅಲುಗಾಡುವ ಶಾಟ್ ಕಲಿಸಿ ಅಂತ ಪೀಡಿಸುತ್ತಾರೆ. ಇರುವವರಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಚೆನ್ನಾಗಿ ಹೊಡೆಯುತ್ತಾನೆ. ಅವನಿಗೆ ಎರಡು ವಾರದಿಂದ ಹೊಡೆಯುವ ಕಾಲಿನ ಕಡೆ ಸೊಂಟದ ಮುಂಭಾಗ ನೋವು. ಅವನ ಮನೆಯವರು ಎಣ್ಣೆ ಹಾಕಿ ತಿಕ್ಕಿಸುತ್ತಿದ್ದಾರೆ. ನಮ್ಮ ಕಡೆ ಮಳೆ ಹಿಡಿದರೆ ಮೈದಾನವೇ ಇರುವುದಿಲ್ಲ. ಹುಡುಗಿಯರ ತಂಡಕ್ಕೂ ಇದನ್ನೇ ಕಲಿಸಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಷ್ಟ್ರೇ, ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಆ ಒಂಬತ್ತನೇ ಕ್ಲಾಸಿನ ಹುಡುಗನ ಕಿಕ್ ನಿಲ್ಲಿಸಿ. ಇವತ್ತೇ ನಿಲ್ಲಿಸಿ. ಎಣ್ಣೆ ತಿಕ್ಕುವುದನ್ನೂ ನಿಲ್ಲಿಸಲು ಮನೆಯವರಿಗೆ ಹೇಳಿ.

ಯಾಕೆ ಅಂದರೆ, ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಒಂದು ಭಾಗ ಮಂಡಿಯಿಂದ ಹೊರಟು ಸೊಂಟದ ಮೂಳೆಯ ಮುಂಭಾಗಕ್ಕೆ ಹೋಗಿ ಅಂಟಿಕೊಂಡಿರುತ್ತದೆ. ಬಾಲ್ ಹೊಡೆಯಲು ಕಾಲು ಹಿಂದಕ್ಕೆ ಹೋದಾಗ ಅದು ಪೂರ್ತಿ ಹಿಗ್ಗುತ್ತದೆ, ಮುಂದಕ್ಕೆ ಬೀಸಿದಾಗ ಜೋರಾಗಿ ಸೆಳೆಯುತ್ತದೆ. ದೊಡ್ಡವರಲ್ಲಿ ಈ ಎಳೆದಾಟ ಮಿತಿ ಮೀರಿದರೆ ಸ್ನಾಯು ಹರಿಯುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳಲ್ಲಿ ಸ್ನಾಯುವಿಗಿಂತ ಅದು ಅಂಟಿಕೊಂಡ ಮೂಳೆಯ ಜಾಗವೇ ಮೆತ್ತಗಿರುತ್ತದೆ. ಅಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಹಾಗಾಗಿ ಪೆಟ್ಟು ಬೀಳುವುದು ಅಲ್ಲಿಗೆ. ಮೊದಲು ಬರೀ ನೋವು, ಆಮೇಲೂ ಹೊಡೆಯುತ್ತಲೇ ಇದ್ದರೆ ಒಂದು ದಿನ ಮೂಳೆಯ ಚೂರೇ ಕಿತ್ತು ಬರಬಹುದು. ಹೊಡೆಯುವಾಗ 'ಟಪ್' ಅಂತ ಏನೋ ಆಯಿತು ಅಂತ ಹುಡುಗ ಹೇಳಿದ್ದರೆ ಆ ಕಾಲಿನ ಮೇಲೆ ಭಾರ ಹಾಕಿಸದೆ ಅವತ್ತೇ ಕರೆದುಕೊಂಡು ಹೋಗಬೇಕು. ಹಾಗೇನೂ ಆಗಿಲ್ಲದಿದ್ದರೂ ಎರಡು ವಾರದ ನೋವು ಅಂದರೆ ಮೂಳೆ ಡಾಕ್ಟರಿಗೆ ತೋರಿಸಬೇಕಾದ ನೋವೇ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಬಂದರೂ ಸಾಕು, ಒಂದು ಎಕ್ಸ್‌ರೇಯಲ್ಲಿ ಸುಮಾರು ವಿಷಯ ಗೊತ್ತಾಗುತ್ತದೆ. ಹೆದರಬೇಡಿ, ಚೂರು ಕಿತ್ತಿದ್ದರೂ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ, ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತದೆ. ಆದರೆ ಅದಕ್ಕೆ ವಾರಗಳು ಬೇಕು, ಕೆಲವು ಸಲ ತಿಂಗಳುಗಳೇ ಬೇಕು. ತಿಕ್ಕಿದರೆ ಮಾತ್ರ ಕೆಡುತ್ತದೆ.

ಮಂಡಿಯ ಕೆಳಗೆ ಗಂಟು ಎದ್ದು ನೋಯುವುದು, ಹಿಮ್ಮಡಿ ನೋಯುವುದು, ಇವೂ ಇದೇ ಜಾತಿಯವು. ಮಕ್ಕಳು ಸರ್ರನೆ ಉದ್ದ ಬೆಳೆಯುವ ವರ್ಷದಲ್ಲಿ ಇವು ಜಾಸ್ತಿ. ಜೂನ್‌ನಲ್ಲಿ ನಿಮ್ಮ ಭುಜಕ್ಕೆ ಬರುತ್ತಿದ್ದ ಹುಡುಗ ಡಿಸೆಂಬರ್‌ನಲ್ಲಿ ಕಿವಿ ಹತ್ತಿರ ಬಂದಿದ್ದಾನೆ ಅಂದರೆ ಆ ವರ್ಷ ಅವನ ಶಾಟ್‌ಗಳನ್ನು ನೀವೇ ಎಣಿಸಿ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರೋಣ. ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಹುಡುಗರ ಕಾಲಲ್ಲಿ ಬಲ ಇಲ್ಲ, ಅದಕ್ಕೇ ದೂರದಿಂದ ಗೋಲಾಗುತ್ತಿಲ್ಲ, ಬಲ ಬರಿಸುವುದು ಹೇಗೆ ಅಂತ ನೀವು ಕೇಳುತ್ತಿದ್ದೀರಿ. ಗುಡ್ಡ ಹತ್ತಿ ಇಳಿದು ಶಾಲೆಗೆ ಬರುವ ಮಕ್ಕಳಿಗೆ ಕಾಲಲ್ಲಿ ಬಲ ಇಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಅದೂ ಅಲ್ಲದೆ ನೀವೇ ಬರೆದಿದ್ದೀರಿ, ಬಾಲ್ ಬಾರ್ ಮೇಲೆ ಹೋಯಿತು ಅಂತ. ಹದಿನೆಂಟು ಇಪ್ಪತ್ತು ಮೀಟರ್‌ನಿಂದ ಎಂಟಡಿ ಎತ್ತರದ ಬಾರ್ ದಾಟಿಸಲು ಬಲ ಬೇಕೇ ಬೇಕಲ್ವಾ? ಬಲ ಇದೆ. ಅದು ಹೋಗಬೇಕಾದ ಕಡೆ ಹೋಗುತ್ತಿಲ್ಲ.

ಕಾರಣ ಹುಡುಕಲು ಹೊಡೆಯುವ ಕಾಲನ್ನು ನೋಡಬೇಡಿ. ನಿಂತ ಕಾಲು ನೋಡಿ. ಪಾದ ಬಾಲಿಗೆ ತಾಗಿರುವ ಹೊತ್ತು ಒಂದು ಸೆಕೆಂಡಿನ ನೂರನೇ ಒಂದು ಭಾಗ ಅಷ್ಟೇ. ಅಷ್ಟರೊಳಗೆ ಯಾರೂ ಏನನ್ನೂ ತಿದ್ದಿಕೊಳ್ಳಲು ಆಗುವುದಿಲ್ಲ. ಬಾಲ್ ಎಲ್ಲಿಗೆ ಹೋಗಬೇಕು ಅನ್ನುವುದು ಅದಕ್ಕೂ ಮುಂಚೆ, ಇನ್ನೊಂದು ಕಾಲು ನೆಲಕ್ಕೆ ಊರಿದಾಗಲೇ ತೀರ್ಮಾನ ಆಗಿಹೋಗಿರುತ್ತದೆ. ಊರಿದ ಕಾಲು ಬಾಲಿಗಿಂತ ಹಿಂದೆ ಉಳಿದರೆ ಬೀಸಿ ಬರುವ ಪಾದ ಮೇಲಕ್ಕೆ ಏಳುತ್ತಿರುವಾಗ ಬಾಲಿಗೆ ತಾಗುತ್ತದೆ, ಬಾಲಿನ ತಳಕ್ಕೆ ತಾಗುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಮತ್ತೇನು, ಬಾರ್ ಮೇಲೆ ಹೋಗಿ ತೋಟಕ್ಕೆ ಬೀಳುತ್ತದೆ. ಊರಿದ ಕಾಲು ಬಾಲಿಗೆ ತೀರಾ ಹತ್ತಿರ ಬಂದರೆ ಸೊಂಟ ತಿರುಗಲು ಜಾಗ ಇಲ್ಲ, ಶಾಟ್ ಸತ್ತಂತೆ ಉರುಳಿ ಗೋಲಿಯ ಕೈ ಸೇರುತ್ತದೆ. ನಿಮ್ಮ ಹುಡುಗರ ಎರಡೂ ತಪ್ಪು ಇಲ್ಲೇ ಇವೆ ಅಂತ ನನ್ನ ಅಂದಾಜು.

ಇದನ್ನು ನೋಡಲು ನಮ್ಮ ಕೆಂಪು ಮಣ್ಣಿಗಿಂತ ಒಳ್ಳೆಯ ಉಪಾಯ ಇಲ್ಲ. ಒಂದು ಹದ ಮಳೆ ಬಂದು ನಿಂತ ಮೇಲೆ, ನೆಲ ಕೆಸರೂ ಅಲ್ಲದ ಗಟ್ಟಿಯೂ ಅಲ್ಲದ ಹೊತ್ತಿನಲ್ಲಿ, ಒಬ್ಬೊಬ್ಬನ ಹತ್ತಿರ ಒಂದೊಂದು ಶಾಟ್ ಹೊಡೆಸಿ. ಬಾಲ್ ಇಟ್ಟ ಜಾಗದಲ್ಲಿ ಮೊದಲೇ ಕಡ್ಡಿಯಿಂದ ಒಂದು ಸುತ್ತು ಗೀಚಿ. ಅವನು ಹೊಡೆದ ಮೇಲೆ ಅಲ್ಲಿಗೆ ಹೋಗಿ ನೋಡಿ, ಊರಿದ ಕಾಲಿನ ಗುರುತು ಮಣ್ಣಲ್ಲಿ ಅಚ್ಚು ಒತ್ತಿದ ಹಾಗೆ ಇರುತ್ತದೆ, ಸ್ಟಡ್ಸ್ ಇದ್ದರೆ ತೂತುಗಳ ಸಮೇತ. ಬಾಲ್ ವಾಪಸ್ ಆ ಸುತ್ತಿನಲ್ಲಿ ಇಡಿ. ಬಾಲಿನ ಅಂಚಿಗೂ ಗುರುತಿಗೂ ಮಧ್ಯೆ ಸುಮಾರು ಒಂದು ಗೇಣು ಇರಬೇಕು. ಹೆಬ್ಬೆರಳ ಗುರುತು ಬಾಲಿನ ನಡುವಿಗೆ ಸಮ ಇರಬೇಕು, ಅಥವಾ ಕೂದಲೆಳೆ ಮುಂದೆ. ಹಿಮ್ಮಡಿ ಗುರುತು ಆಳವಾಗಿ, ಬೆರಳಿನ ಗುರುತು ತೇಲಿ ಬಿದ್ದಿದ್ದರೆ ಹುಡುಗ ಹಿಂದಕ್ಕೆ ವಾಲಿದ್ದಾನೆ. ಬೆರಳು ಗೋಲಿನ ಕಡೆ ತೋರಿಸದೆ ಎತ್ತಲೋ ನೋಡುತ್ತಿದ್ದರೆ ಶಾಟ್ ಕೂಡ ಎತ್ತಲೋ ಹೋಗಿರುತ್ತದೆ. ಇದನ್ನು ನೀವು ಹೇಳಬೇಡಿ, ಹುಡುಗನೇ ಬಗ್ಗಿ ಗೇಣು ಹಾಕಿ ಅಳೆಯಲಿ. ಬಾಯಲ್ಲಿ ಸಾವಿರ ಸಲ 'ಕಾಲು ಮುಂದೆ ಇಡೋ' ಅಂತ ಕೂಗಿದರೆ ಆಗದ ಕೆಲಸ ಇದರಲ್ಲಿ ಒಂದೇ ಸಂಜೆಗೆ ಆಗುತ್ತದೆ.

ಉಳಿದ ಕಾಲಿನ ವಿಷಯ. ಪಾದ ಕೆಳಮುಖ, ಬೆರಳು ಚೂಪಾಗಿ ನೆಲದ ಕಡೆ, ಕಾಲಿನ ಗಿಣ್ಣು ಬಿಗಿ. ಬಾಲಿಗೆ ತಾಗಬೇಕಾದ್ದು ಲೇಸ್ ಕಟ್ಟುವ ಗಟ್ಟಿ ಮೂಳೆಯ ಭಾಗ. ಗಿಣ್ಣು ಸಡಿಲ ಬಿಟ್ಟರೆ ಪಾದ ಹಿಂದಕ್ಕೆ ಮಡಚಿಕೊಂಡು ಅರ್ಧ ವೇಗ ಅಲ್ಲೇ ಹೋಗುತ್ತದೆ. ಹೆಚ್ಚಿನ ಮಕ್ಕಳು ಇಲ್ಲಿ ಸೋಲುವುದು ಹೆದರಿಕೆಯಿಂದ. ಬೆರಳು ಕೆಳಗೆ ಮಾಡಿದರೆ ನೆಲಕ್ಕೆ ಬಡಿದು ಉಗುರು ಹಾರುತ್ತದೆ ಅನ್ನುವ ಹೆದರಿಕೆ. ಬರಿಗಾಲಲ್ಲಿ ಆಡಿ ಬೆಳೆದವರಿಗೆ ಅದು ಅನುಭವದ ಹೆದರಿಕೆಯೇ, ಸುಮ್ನೆ ಅಲ್ಲ. ಅದಕ್ಕೆ ಅವರು ಹೆಬ್ಬೆರಳ ತುದಿಯಲ್ಲೋ ಪಾದದ ಒಳಬದಿಯಲ್ಲೋ ಹೊಡೆಯುತ್ತಾರೆ. ಬೂಟು ಹಾಕಿದವರದ್ದು ಇನ್ನೊಂದು ಕಥೆ. ಮುಂದಿನ ವರ್ಷಕ್ಕೂ ಬರಲಿ ಅಂತ ಅಪ್ಪ ಎರಡು ಸೈಜ್ ದೊಡ್ಡದು ಕೊಡಿಸಿರುತ್ತಾರೆ. ಮುಂದೆ ಖಾಲಿ ಇರುವ ಆ ತುದಿ ನೆಲಕ್ಕೆ ತಗುಲುತ್ತದೆ, ಹುಡುಗ ತನಗೇ ಗೊತ್ತಿಲ್ಲದೆ ಪಾದ ಎತ್ತಿ ಹೊಡೆಯಲು ಕಲಿಯುತ್ತಾನೆ. ಶಾಟ್ ತಿದ್ದುವ ಮೊದಲು ಬೂಟಿನ ಮುಂದೆ ಹೆಬ್ಬೆರಳು ಒತ್ತಿ ನೋಡಿ. ಮನೆಯವರ ಹತ್ತಿರ ಹೊಸದಕ್ಕೆ ದುಡ್ಡು ಕೇಳುವುದು ಕಷ್ಟ ಅಂತ ಗೊತ್ತು. ಹಿರಿಯ ಮಕ್ಕಳ ಹಳೆ ಬೂಟುಗಳನ್ನು ಶಾಲೆಯಲ್ಲೇ ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಅಳತೆಗೆ ತಕ್ಕದ್ದು ಯಾರಿಗಾದರೂ ಸಿಕ್ಕೇ ಸಿಗುತ್ತದೆ.

ವೇಗ ಹುಟ್ಟುವುದು ಎಲ್ಲಿಂದ ಅಂದರೆ, ಸೊಂಟ ತಿರುಗಿ, ತೊಡೆ ಮುಂದೆ ಬಂದು, ಬಾಲಿಗೆ ತಾಗುವ ಸ್ವಲ್ಪ ಮುಂಚೆ ತೊಡೆ ನಿಧಾನ ಆಗುತ್ತದೆ, ಆಗ ಮಂಡಿಯಿಂದ ಕೆಳಗಿನ ಕಾಲು ಛಟಾರನೆ ಹಾರುತ್ತದೆ. ಬಾರುಕೋಲು ಬೀಸಿದಾಗ ಹಿಡಿ ನಿಂತು ತುದಿ ಸಿಡಿಯುತ್ತದಲ್ಲ, ಹಾಗೆ. ಇದಕ್ಕೆ ಬಾಲಿನ ಹತ್ತಿರ ನೇರ ಓಡಿ ಬರಬಾರದು. ಸ್ವಲ್ಪ ಓರೆಯಾಗಿ, 30ರಿಂದ 45 ಡಿಗ್ರಿ ಕೋನದಲ್ಲಿ ಬರಬೇಕು. ಕೊನೆಯ ಹೆಜ್ಜೆ ಉದ್ದ ಇರಬೇಕು. ಎದುರು ಕೈ ಅಗಲಕ್ಕೆ ಚಾಚಿರಬೇಕು, ಅದೇ ತೂಕ ಸರಿದೂಗಿಸುವುದು. ಹೊಡೆದ ಮೇಲೆ ಹೊಡೆದ ಕಾಲಿನ ಮೇಲೇ ಮುಂದಕ್ಕೆ ಇಳಿಯಬೇಕು. ನಾನು ಮಕ್ಕಳಿಗೆ ಹೇಳುವುದು ಈ ಕೊನೆಯದ್ದನ್ನು ಮಾತ್ರ. 'ಹೊಡೆದ ಕಾಲಿನ ಮೇಲೇ ಇಳಿ' ಅಂದರೆ ಸಾಕು, ಹಿಂದಕ್ಕೆ ವಾಲಿ ಹೊಡೆದವನು ಹಾಗೆ ಇಳಿಯಲು ಆಗುವುದೇ ಇಲ್ಲ, ಹಾಗಾಗಿ ಮೈ ತಾನಾಗಿ ಸರಿಯಾಗುತ್ತದೆ. ಸೊಂಟ ಹೀಗೆ, ಗಿಣ್ಣು ಹಾಗೆ, ಕೈ ಹೀಗೆ ಅಂತ ಐದು ಮಾತು ಒಟ್ಟಿಗೆ ಹೇಳಿದರೆ ಹುಡುಗ ಯೋಚನೆಯಲ್ಲೇ ಸಿಕ್ಕಿಕೊಳ್ಳುತ್ತಾನೆ. ಮೈಯ ಬಗ್ಗೆ ಕಡಿಮೆ ಮಾತು, ಬಾಲ್ ಎಲ್ಲಿಗೆ ಹೋಗಬೇಕು ಅನ್ನುವುದರ ಬಗ್ಗೆ ಜಾಸ್ತಿ ಮಾತು. ಪೋಸ್ಟಿನ ಬುಡದಲ್ಲಿ ಒಂದು ಹಳೆ ಟೈರ್ ಇಟ್ಟು ಅದಕ್ಕೆ ಹೊಡಿ ಅನ್ನಿ.

ಈಗ ನಿಮಗೆ ಬಂದ ಸಲಹೆಗಳು.

ದಿನಾ ನೂರು ಶಾಟ್. ಬೇಡವೇ ಬೇಡ. ಮೊದಲ ಕಾರಣ ಮೇಲೆ ಹೇಳಿದ ಸೊಂಟದ ಮೂಳೆ. ಎರಡನೆಯದು, ಮೂವತ್ತು ನಲವತ್ತು ಜೋರಿನ ಹೊಡೆತ ಆದ ಮೇಲೆ ಕಾಲು ಸೋಲುತ್ತದೆ, ಆಮೇಲೆ ಹೊಡೆಯುವ ಅರವತ್ತು ಶಾಟ್‌ನಲ್ಲಿ ಹುಡುಗ ಕಲಿಯುವುದು ಸೋತ ಕಾಲಿನ ಕೆಟ್ಟ ಶಾಟನ್ನೇ. ಹೈಸ್ಕೂಲ್ ಮಕ್ಕಳಿಗೆ ನಾನು ಇಟ್ಟುಕೊಂಡ ಮಿತಿ ಒಂದು ದಿನಕ್ಕೆ ಪೂರ್ತಿ ಜೋರಿನ ಹೊಡೆತ 25, ವಾರಕ್ಕೆ ಎರಡು ದಿನ, ಆ ಎರಡು ದಿನದ ನಡುವೆ ಬಿಡುವು. ಮ್ಯಾಚ್ ಇರುವ ವಾರ ಒಂದೇ ದಿನ. ಅರ್ಧ ಜೋರಲ್ಲಿ, ಪಾಸ್ ಕೊಟ್ಟ ಹಾಗೆ, ಮೂಲೆಗೆ ಗುರಿ ಇಟ್ಟು ಹೊಡೆಯುವುದು ಬೇರೆ ಲೆಕ್ಕ, ಅದನ್ನು ಜಾಸ್ತಿ ಮಾಡಿಸಬಹುದು.

ನೆನೆಸಿದ ಬಾಲ್. ಇದು ತೊಗಲಿನ ಬಾಲ್ ಇದ್ದ ಕಾಲದಿಂದ ಬಂದ ಮಾತು. ಐದನೇ ಸೈಜಿನ ಬಾಲ್ ಆಟ ಶುರುವಾಗುವಾಗ 410ರಿಂದ 450 ಗ್ರಾಂ ಇರಬೇಕು ಅಂತ ನಿಯಮ. ಕೈಯಲ್ಲಿ ಹೊಲಿದ ಅಗ್ಗದ ಬಾಲ್ ನೀರು ಕುಡಿದರೆ ಅದಕ್ಕಿಂತ ಚೆನ್ನಾಗಿ ಭಾರ ಆಗುತ್ತದೆ. ಭಾರದ ಬಾಲಿಗೆ ಕಾಲು ಬೀಸುವ ಲಯವೇ ಬೇರೆ. ಅದರಲ್ಲಿ ಕಲಿತವನು ಒಣ ಬಾಲ್ ಬಂದಾಗ ಮತ್ತೆ ಬಾರ್ ಮೇಲೆ ಹೊಡೆಯುತ್ತಾನೆ. ಸಾಲದ್ದಕ್ಕೆ ಬೆಳೆಯುವ ಮೂಳೆಗೆ ಇನ್ನಷ್ಟು ಪೆಟ್ಟು.

ಜಿಮ್ ಬಗ್ಗೆ ನನಗೆ ತಕರಾರಿಲ್ಲ. ಗೊತ್ತಿರುವವರು ಪಕ್ಕದಲ್ಲಿ ನಿಂತು ಮಾಡಿಸಿದರೆ ಈ ವಯಸ್ಸಿನ ಮಕ್ಕಳು ತೂಕ ಎತ್ತಿದರೆ ಕುಳ್ಳಗಾಗುತ್ತಾರೆ ಅನ್ನುವುದೆಲ್ಲ ಸುಳ್ಳು. ಆದರೆ ಬಸ್ ಹತ್ತಿ ಪೇಟೆಗೆ ಹೋಗಿ ಮಾಡುವಂಥದ್ದೇನಿಲ್ಲ. ಬಸ್ಕಿ, ಒಂದು ಕಾಲು ಮುಂದಿಟ್ಟು ಬಗ್ಗಿ ಏಳುವುದು, ಒಂಟಿ ಕಾಲಲ್ಲಿ ನಿಂತು ಬಾಲ್ ಹಿಡಿದು ಎಸೆಯುವುದು, ಇಷ್ಟನ್ನು ಶಾಲೆಯ ಜಗಲಿಯಲ್ಲೇ ಮಾಡಿಸಿ. ಒಂಟಿ ಕಾಲಲ್ಲಿ ಅಲುಗಾಡದೆ ನಿಲ್ಲಲು ಬಾರದವನಿಗೆ ದೂರದ ಶಾಟ್ ಬರುವುದಿಲ್ಲ.

ಇನ್ನು ಗಾಳಿಯಲ್ಲಿ ಅಲುಗಾಡುವ ಶಾಟ್. ಬಾಲ್ ಸುತ್ತುತ್ತಿದ್ದರೆ ಎರಡು ಬದಿಯ ಗಾಳಿಯ ಹರಿವಿನಲ್ಲಿ ವ್ಯತ್ಯಾಸ ಬಂದು ಬಾಲ್ ಒಂದು ಕಡೆಗೆ ಬಾಗುತ್ತದೆ. 1997ರ ಜೂನ್‌ನಲ್ಲಿ ಫ್ರಾನ್ಸ್ ವಿರುದ್ಧ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಸುಮಾರು 35 ಮೀಟರ್‌ನಿಂದ ಹೊಡೆದ ಫ್ರೀ ಕಿಕ್ ಹಾಗೆ ಬಾಗಿಯೇ ಒಳಗೆ ಹೋಯಿತು. ಬಾಲ್ ಹೆಚ್ಚುಕಡಿಮೆ ಸುತ್ತದೇ ಹೋದರೆ ಗಾಳಿ ಒಮ್ಮೆ ಇತ್ತ ಒಮ್ಮೆ ಅತ್ತ ತಳ್ಳುತ್ತದೆ, ಅದೇ ಅಲುಗಾಟ. ಬ್ರೆಜಿಲ್‌ನ ಜುನಿನ್ಯೊ, ಪೋರ್ಚುಗಲ್‌ನ ರೊನಾಲ್ಡೊ ಇದಕ್ಕೆ ಹೆಸರಾದವರು. ಆದರೆ ಅದಕ್ಕೆ ದೊಡ್ಡವರ ವೇಗ ಬೇಕು. ಪಳಗಿದ ದೊಡ್ಡ ಆಟಗಾರರ ಶಾಟ್ ಗಂಟೆಗೆ 90–110 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ನಿಮ್ಮ ಹುಡುಗರ ವೇಗಕ್ಕೆ ಬಾಲ್ ಅಲುಗಾಡುವುದಿಲ್ಲ, ಸುಮ್ಮನೆ ಗೋಲಿಯ ಎದೆಗೆ ಹೋಗುತ್ತದೆ. ಜೊತೆಗೆ ಆ ಶಾಟಿಗೆ ಕಾಲು ಅರ್ಧಕ್ಕೆ ತಡೆದು ನಿಲ್ಲಿಸಬೇಕು, ಎಳೆ ಮೈಗೆ ಅದು ಒಳ್ಳೆಯದಲ್ಲ. ಮೊಬೈಲಲ್ಲಿ ನೋಡಿ ಖುಷಿ ಪಡಲಿ ಬಿಡಿ, ಬೈಯಬೇಡಿ. ಮೈದಾನದಲ್ಲಿ ಬೇಡ.

ಇಷ್ಟೆಲ್ಲ ಆದ ಮೇಲೆ ನಿಮಗೆ ಇಷ್ಟವಾಗದ ಒಂದು ಮಾತು ಹೇಳುತ್ತೇನೆ. ದೂರದ ಶಾಟ್ ಅಂದರೆ ಬಹುಪಾಲು ಗೋಲಾಗದ ಶಾಟ್. ಯುರೋಪಿನ ದೊಡ್ಡ ಲೀಗ್‌ಗಳಲ್ಲೇ ಬಾಕ್ಸಿನ ಹೊರಗಿನಿಂದ ಹೊಡೆದ ನೂರರಲ್ಲಿ ಮೂರೋ ನಾಲ್ಕೋ ಒಳಗೆ ಹೋಗುತ್ತವೆ. ಪೆನಾಲ್ಟಿಯಾದರೆ ನೂರಕ್ಕೆ ಎಪ್ಪತ್ತೈದರ ಮೇಲೆ. ಈ ಲೆಕ್ಕ ಗೊತ್ತಾದ ಮೇಲೆ ಅಲ್ಲಿನ ತಂಡಗಳೇ ದೂರದಿಂದ ಹೊಡೆಯುವುದನ್ನು ಕಡಿಮೆ ಮಾಡಿವೆ. 2019ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯ ವಿನ್ಸೆಂಟ್ ಕೊಂಪನಿ ಲೆಸ್ಟರ್ ವಿರುದ್ಧ 25 ಗಜದ ಆಸುಪಾಸಿನಿಂದ ಹೊಡೆದ ಗೋಲು ನೆನಪಿದೆಯಾ? ಮ್ಯಾಚ್ ಗೆದ್ದಿದ್ದೇ ಆ ಒಂದು ಗೋಲಿನಿಂದ, ಕೊನೆಗೆ ಲೀಗ್ ಕೂಡ ಬರೀ ಒಂದು ಪಾಯಿಂಟಿನ ಅಂತರದಲ್ಲಿ ಗೆದ್ದರು. ಅವನು ಹೊಡೆಯಲು ಹೊರಟಾಗ ಅವನ ತಂಡದವರೇ ಹೊಡೀಬೇಡ ಅಂತ ಕೂಗಿದ್ದರು. ಗೋಲಾಯಿತು ಅಂತ ಕೂಗಿದವರು ದಡ್ಡರಾಗುವುದಿಲ್ಲ, ಲೆಕ್ಕ ಅವರ ಕಡೆಗೇ ಇತ್ತು.

ನಮ್ಮ ಶಾಲಾ ಮ್ಯಾಚುಗಳಲ್ಲಿ ಇದು ಇನ್ನೂ ಗೋಜಲು. ಗೋಲು ದೊಡ್ಡವರ ಅಳತೆಯದ್ದು, 7.32 ಮೀಟರ್ ಅಗಲ, 2.44 ಮೀಟರ್ ಎತ್ತರ, ಎರಡು ಕಂಬ ಮತ್ತೊಂದು ಅಡಿಕೆ ದಬ್ಬೆ ಕಟ್ಟಿ ನಿಲ್ಲಿಸಿದ್ದಾದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೆಳಗೆ ನಿಂತ ಗೋಲಿ ಐದಡಿ. ತಲೆಯ ಮೇಲೆ ಎತ್ತಿ ಬಿಟ್ಟ ಬಾಲ್ ಎಲ್ಲ ಗೋಲಾಗುತ್ತದೆ. 14 ವರ್ಷದೊಳಗಿನ ಮ್ಯಾಚಿನಲ್ಲಿ ಹಾಗೆ ಗೋಲು ಹೊಡೆದು ಹೀರೋ ಆದ ಹುಡುಗ 17 ವರ್ಷದೊಳಗಿನ ತಂಡಕ್ಕೆ ಬಂದ ಮೇಲೆ ಕಾಣೆಯಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಯಾಕೆಂದರೆ ಅಲ್ಲಿ ಗೋಲಿ ಬೆಳೆದಿರುತ್ತಾನೆ, ಕೈ ಎತ್ತಿದರೆ ಬಾರ್ ಮುಟ್ಟುತ್ತಾನೆ, ಆ ಬಾಲನ್ನು ಹಲಸಿನ ಹಣ್ಣು ಇಳಿಸಿದಷ್ಟು ಆರಾಮಾಗಿ ಹಿಡಿಯುತ್ತಾನೆ. ಹಾಗಾಗಿ ಕಲಿಸುವಾಗಲೇ ಕೆಳಗೆ, ಪೋಸ್ಟಿನ ಬುಡಕ್ಕೆ ಕಲಿಸಿ. ಈ ವರ್ಷ ಒಂದೆರಡು ಗೋಲು ಕಡಿಮೆ ಆಗಬಹುದು.

ಹಾಗಾದರೆ ದೂರದ ಶಾಟ್ ಯಾತಕ್ಕೆ? ಬಾಕ್ಸಿನೊಳಗೆ ಕೂತವರನ್ನು ಹೊರಗೆ ಎಳೆಯುವುದಕ್ಕೆ. ಹೊರಗಿನಿಂದ ಗುರಿ ಇಟ್ಟು ಹೊಡೆಯುವವನು ಒಬ್ಬ ಇದ್ದಾನೆ ಅಂತ ಗೊತ್ತಾದರೆ ಒಬ್ಬ ಡಿಫೆಂಡರ್ ಮುಂದೆ ಬರಲೇಬೇಕು, ಅವನು ಬಿಟ್ಟುಬಂದ ಜಾಗ ನಿಮಗೆ ಸಿಗುತ್ತದೆ. ಇನ್ನೊಂದು, ಗೋಲಿ ತಡೆದು ಬಿಟ್ಟ ಬಾಲಿಗಾಗಿ. ಕೆಳಗೆ ಜೋರಾಗಿ ಬಂದ ಬಾಲನ್ನು ಶಾಲಾ ಗೋಲಿ ಒಂದೇ ಸಲಕ್ಕೆ ಹಿಡಿಯುವುದು ಅಪರೂಪ. ಅದಕ್ಕಾಗಿ ಇಬ್ಬರು ಒಳಗೆ ಓಡಬೇಕು, ಒಬ್ಬ ಈ ಪೋಸ್ಟಿಗೆ, ಒಬ್ಬ ಆ ಪೋಸ್ಟಿಗೆ. ಓಡುವುದು ಹೊಡೆದ ಮೇಲೆ ಅಲ್ಲ, ಹೊಡೆಯಲು ಕಾಲು ಎತ್ತುವಾಗಲೇ. ಇದನ್ನು ಕಲಿಸದೆ ಶಾಟ್ ಒಂದನ್ನೇ ಕಲಿಸಿದರೆ ಅರ್ಧ ಕೆಲಸ ಬಿಟ್ಟ ಹಾಗೆ. ಇದರಲ್ಲಿ ಅಪಾಯವೂ ಇದೆ ಅಂತ ತಿಳಿದಿರಿ. ಶಾಟ್ ಯಾರದೋ ಕಾಲಿಗೆ ಬಡಿದು ವಾಪಸ್ ಬಂದರೆ ನಿಮ್ಮವರೆಲ್ಲ ಮುಂದೆ ಇರುತ್ತಾರೆ, ಎದುರಿನವರು ಎರಡು ಪಾಸಿನಲ್ಲಿ ನಿಮ್ಮ ಗೋಲು ಮುಟ್ಟುತ್ತಾರೆ. ಇಬ್ಬರು ಹಿಂದೆ ಉಳಿಯಲೇಬೇಕು, ಮೈದಾನದ ಬದಿಯಲ್ಲಿ ನಿಂತ ಊರಿನವರು 'ಹೋಗೋ ಹೋಗೋ' ಅಂತ ಎಷ್ಟೇ ಕೂಗಿದರೂ.

ನಿಮ್ಮ ಸೆಮಿಫೈನಲ್ ಅಂಥ ಆಟಕ್ಕೆ ದೂರದ ಶಾಟ್ ಒಂದೇ ದಾರಿಯೂ ಅಲ್ಲ. ಬದಿಯಿಂದ ಎಂಡ್ ಲೈನ್‌ವರೆಗೆ ಓಡಿ ಬಾಲನ್ನು ಹಿಂದಕ್ಕೆ ನೆಲದ ಮೇಲೇ ಎಳೆದುಕೊಡುವುದು, ಕಾರ್ನರ್ ಚೆನ್ನಾಗಿ ಹಾಕುವುದು, ಇವೆರಡರಿಂದ ಗೋಲು ಬರುವುದು ಜಾಸ್ತಿ. ಬದಿಯ ಓಟಕ್ಕೆ ವೇಗದ ಹುಡುಗ ಬೇಕು, ಕಾರ್ನರ್‌ಗೆ ತಲೆ ಕೊಡುವ ಎತ್ತರದವನು ಬೇಕು. ಇದ್ದರೆ ಮೊದಲು ಅದನ್ನೇ ಮಾಡಿಸಿ. ಇಲ್ಲದಿದ್ದರೆ ಇಡೀ ತಂಡಕ್ಕೆ ದೂರದ ಶಾಟ್ ಕಲಿಸುವ ಬದಲು ಮಧ್ಯದಲ್ಲಿ ಆಡುವ ಇಬ್ಬರು ಮೂವರಿಗೆ ಚೆನ್ನಾಗಿ ಕಲಿಸಿ. ಮ್ಯಾಚಿನಲ್ಲಿ ಅನುಮತಿ ಅವರಿಗೆ ಮಾತ್ರ. ಎಲ್ಲರೂ ಹೊಡೆಯಲು ಶುರು ಮಾಡಿದರೆ ಯಾರೂ ಪಾಸ್ ಕೊಡುವುದಿಲ್ಲ, ಅದು ನಮ್ಮ ಕಡೆಯ ಹಳೇ ಕಾಯಿಲೆ.

ಅಭ್ಯಾಸ ಹೀಗೆ ಕಟ್ಟಿ. ಶುರು ಮಾಡುವುದು ಪೆನಾಲ್ಟಿ ಜಾಗದಿಂದ, 11 ಮೀಟರ್. ಗೋಲಿ ಬೇಡ, ಪೋಸ್ಟಿನ ಬುಡದ ಟೈರ್ ಸಾಕು. ಹತ್ತರಲ್ಲಿ ಏಳು ಸಲ ಮಂಡಿ ಎತ್ತರಕ್ಕಿಂತ ಕೆಳಗೆ ಆ ಬದಿಗೆ ಹೋದರೆ ಎರಡು ಹೆಜ್ಜೆ ಹಿಂದೆ. ಮತ್ತೆ ಏಳು ಆದರೆ ಮತ್ತೆ ಎರಡು ಹೆಜ್ಜೆ. ಬಾಕ್ಸಿನ ಗೆರೆ 16.5 ಮೀಟರ್, ಅದರ ಹೊರಗಿನ ಕಮಾನಿನ ತುದಿ 20 ಮೀಟರ್ ಚಿಲ್ಲರೆ. ಹೈಸ್ಕೂಲಿಗೆ ಅಷ್ಟು ಸಾಕು, ಅಲ್ಲಿಗೆ ನಿಲ್ಲಿಸಿ. ಮೂವತ್ತು ಮೀಟರ್‌ನಿಂದ ಹೊಡೆಸಿದರೆ ಹುಡುಗ ದೂರ ಮುಟ್ಟಿಸಲು ಮೈ ಹಿಂದಕ್ಕೆ ಎಸೆಯುತ್ತಾನೆ, ನೀವು ತಿಂಗಳುಗಟ್ಟಲೆ ತಿದ್ದಿದ್ದು ಒಂದು ವಾರದಲ್ಲಿ ಹಾಳಾಗುತ್ತದೆ. ಯಾವನಾದರೂ ಒಂದು ಜಾಗದಲ್ಲಿ ಸಿಕ್ಕಿಕೊಂಡರೆ ಮುಂದೆ ಕಳಿಸಿ, ಅವಮಾನ ಅಂತ ಅನ್ನಿಸದ ಹಾಗೆ.

ನಿಂತ ಬಾಲ್ ಎರಡು ವಾರ ಸಾಕು, ಮ್ಯಾಚಿನಲ್ಲಿ ಯಾರೂ ಬಾಲ್ ನಿಲ್ಲಿಸಿ ಕೊಡುವುದಿಲ್ಲ. ಆಮೇಲೆ ಒಬ್ಬನನ್ನು ಬಾಕ್ಸಿನ ಗೆರೆಯ ಮೇಲೆ ಗೋಲಿಗೆ ಬೆನ್ನು ಹಾಕಿ ನಿಲ್ಲಿಸಿ. ಹೊಡೆಯುವವನು ಅವನಿಗೆ ಪಾಸ್ ಕೊಟ್ಟು, ಅವನು ಮೆಲ್ಲಗೆ ವಾಪಸ್ ಬಿಟ್ಟಿದ್ದನ್ನು ಓಡಿ ಬಂದು ಹೊಡೆಯಲಿ. ತನ್ನ ಕಡೆಗೇ ಬರುವ ಬಾಲನ್ನು ಜೋರಾಗಿ ಹೊಡೆಯುವುದು ಸುಲಭ. ಅದಾದ ಮೇಲೆ, ಬಂದ ಬಾಲನ್ನು ಒಂದು ಸಲ ಮುಟ್ಟಿ ಹೊಡೆಯುವುದು. ಇಲ್ಲಿ ಮೊದಲ ಮುಟ್ಟುವಿಕೆಯೇ ಶಾಟ್. ಬಾಲನ್ನು ಕಾಲ ಬುಡಕ್ಕೆ ನಿಲ್ಲಿಸಿಕೊಂಡರೆ ಓರೆಯಾಗಿ ಬರುವ ಜಾಗವೇ ಉಳಿಯುವುದಿಲ್ಲ. ಹೊಡೆಯುವ ಕಾಲಿನ ಬದಿಗೆ, ಒಂದು ಮಾರು ಮುಂದೆ ತಳ್ಳಿಕೊಳ್ಳಬೇಕು. ಗೋಲನ್ನು ನೋಡುವುದು ಬಾಲ್ ಮುಟ್ಟುವ ಮೊದಲು, ಆಮೇಲೆ ಕಣ್ಣು ಬಾಲ್ ಮೇಲೇ. ಕೊನೆಗೆ ಒಬ್ಬ ಡಿಫೆಂಡರ್ ಬಿಡಿ, ಅವನು ಓಡಿ ಬಂದು ಅಡ್ಡ ನಿಂತರೆ ಹೊಡೆಯದೆ ಪಕ್ಕದವನಿಗೆ ಕೊಡಬೇಕು. ಕೊಟ್ಟವನನ್ನು ಹೊಗಳಿ. ಹೊಡೆದು ಗೋಲು ಮಾಡಿದವನನ್ನು ಹೇಗೂ ಊರೇ ಹೊಗಳುತ್ತದೆ.

ಸಣ್ಣ ಸಂಗತಿ, ಆದರೆ ಅಭ್ಯಾಸದ ಅರ್ಧ ಹೊತ್ತು ತಿನ್ನುವುದು ಇದೇ: ಬಾಲ್ ಹುಡುಕುವುದು. ಗೋಲಿನ ಹಿಂದೆ ತೋಟ, ಹಳ್ಳ, ಗದ್ದೆ. ಮೈದಾನದ ಒಂದು ಬದಿಯಲ್ಲಿ ಧರೆ ಇದ್ದರೆ ಗೋಲನ್ನು ಅದರ ಮುಂದಕ್ಕೆ ಸಾಗಿಸಿ, ಧರೆಯೇ ಬಾಲ್ ವಾಪಸ್ ಕೊಡುತ್ತದೆ. ಇಲ್ಲದಿದ್ದರೆ ಅಡಿಕೆ ಸಸಿಗೆ ಕಟ್ಟುವ ಶೇಡ್ ನೆಟ್ಟನ್ನು ಎರಡು ಮಡಿಕೆ ಮಾಡಿ ಹಿಂದೆ ಇಳಿಬಿಡಿ. ಬಾಲ್ ಕಲ್ಲಿನ ಹಾಗೆ ಉಬ್ಬಿಸಬೇಡಿ. ನಿಯಮದಲ್ಲಿ ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್, ಅಂದರೆ 8.5ರಿಂದ 15.6 ಪಿ.ಎಸ್.ಐ. ಮಕ್ಕಳಿಗೆ ಕೆಳಗಿನ ಅಂಚು ಸಾಕು. ಎರಡು ಹೆಬ್ಬೆರಳಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಎಂಟನೇ ಕ್ಲಾಸಿನ ಸಣ್ಣ ಮೈಯ ಮಕ್ಕಳಿಗೆ ಅಭ್ಯಾಸದಲ್ಲಿ ನಾಲ್ಕನೇ ಸೈಜಿನ ಬಾಲ್ ಕೊಡಿ, ಅದು 350ರಿಂದ 390 ಗ್ರಾಂ.

ಮಳೆಗಾಲದ ಪ್ರಶ್ನೆ. ಆಗುಂಬೆ ನಿಮ್ಮ ತಾಲೂಕಿನಲ್ಲೇ ಇರುವಾಗ ಮಳೆ ಬಿಡಲಿ ಅಂತ ಕಾದರೆ ಅಕ್ಟೋಬರ್ ಬರುತ್ತದೆ, ಅಷ್ಟರಲ್ಲಿ ಕ್ರೀಡಾಕೂಟಗಳು ಮುಗಿದಿರುತ್ತವೆ. ಜುಲೈ ಆಗಸ್ಟ್‌ನಲ್ಲಿ ಜಗಲಿಯಲ್ಲೇ ಗೋಡೆಗೆ ಪಾಸ್, ಒಂಟಿ ಕಾಲಿನ ಕಸರತ್ತು, ಬಾಲ್ ಇಲ್ಲದೆ ಕೊನೆಯ ಮೂರು ಹೆಜ್ಜೆಯ ಅಭ್ಯಾಸ ಮಾಡಿಸಿ. ಸೀಮೆಸುಣ್ಣದಲ್ಲಿ ಬಾಲಿನ ಸುತ್ತು, ಪಕ್ಕದಲ್ಲಿ ಪಾದ ಬರೆದು ಅದರ ಮೇಲೇ ಕಾಲು ಊರಲಿ. ಮೈದಾನದಲ್ಲಿ ಪಾಚಿ ಕಟ್ಟಿದ ಜಾಗ, ಜಂಬಿಟ್ಟಿಗೆ ಕಲ್ಲು ಎದ್ದ ಜಾಗದಲ್ಲಿ ಜೋರಿನ ಶಾಟ್ ಬೇಡ. ಊರಿದ ಕಾಲು ಜಾರಿದರೆ ತೊಡೆಸಂದು ಹರಿಯುತ್ತದೆ. ಒದ್ದೆ ನೆಲದಲ್ಲಿ ಕೊನೆಯ ಹೆಜ್ಜೆ ಸ್ವಲ್ಪ ಗಿಡ್ಡ ಮಾಡಲು ಹೇಳಿ. ಆದರೆ ಒದ್ದೆ ನೆಲದಲ್ಲಿ ಒಂದು ಲಾಭ ಇದೆ, ಗೋಲಿಯ ಮುಂದೆ ಬಿದ್ದ ಬಾಲ್ ಏಳದೆ ಸರ್ರನೆ ಜಾರುತ್ತದೆ, ಕೈಯಿಂದಲೂ ಜಾರುತ್ತದೆ. ಮಳೆಯ ಮ್ಯಾಚಿನಲ್ಲಿ ಗೋಲಿಗೆ ನಾಲ್ಕೈದು ಅಡಿ ಮುಂದೆ ಬೀಳುವ ಹಾಗೆ ಹೊಡೆಯಲಿ. ನೀರು ನಿಂತ ಗುಂಡಿ ಇದ್ದರೆ ಮಾತ್ರ ಬಾಲ್ ಅಲ್ಲೇ ಕೂರುತ್ತದೆ, ಅದಕ್ಕೆ ಆಟಕ್ಕೆ ಮುಂಚೆ ಬಾಕ್ಸಿನ ಸುತ್ತ ಒಂದು ಸಲ ನಡೆದು ನೋಡಿಕೊಂಡು ಬರಬೇಕು.

ಹುಡುಗಿಯರಿಗೆ ಇದೇ ಪಾಠ, ಇದೇ ಅಳತೆ, ಬೇರೆ ಏನೂ ಇಲ್ಲ. ಅವರು ದೂರದಿಂದ ಹೊಡೆಯಲಾರರು ಅನ್ನುವುದು ಅವರಿಗೆ ಮೈದಾನ ಸಿಗದೆ ಹುಟ್ಟಿದ ಮಾತು. ಒಂದೇ ಒಂದು ಎಚ್ಚರ: ಮಂಡಿಯ ಒಳಗಿನ ಅಡ್ಡ ಹುರಿ ಹರಿಯುವ ಸಾಧ್ಯತೆ ಹುಡುಗಿಯರಲ್ಲಿ ಹುಡುಗರಿಗಿಂತ ಜಾಸ್ತಿ. ಕಾಲು ಊರುವಾಗ, ಹಾರಿ ಇಳಿಯುವಾಗ ಮಂಡಿ ಒಳಕ್ಕೆ ಬಾಗುತ್ತಿದೆಯಾ ನೋಡಿ, ಬಾಗಿದರೆ ಶಾಟ್ ನಿಲ್ಲಿಸಿ ಮೊದಲು ಅದನ್ನು ಸರಿ ಮಾಡಿ. ಇದಕ್ಕಾಗಿಯೇ ಫಿಫಾದವರು ರೂಪಿಸಿದ 'ಇಲೆವೆನ್ ಪ್ಲಸ್' ಅನ್ನುವ ವಾರ್ಮಪ್ ಇದೆ. ಸುಮಾರು 20 ನಿಮಿಷದ್ದು, ವಿಶೇಷ ಸಲಕರಣೆ ಏನೂ ಬೇಡ, ಹದಿನಾಲ್ಕು ದಾಟಿದವರಿಗೆ ಅಂತ ಮಾಡಿದ್ದು. ಸಣ್ಣವರಿಗೆ ಅದರದ್ದೇ ಮಕ್ಕಳ ಆವೃತ್ತಿ ಇದೆ. ವಾರಕ್ಕೆ ಎರಡು ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಗಾಯ ಕಡಿಮೆ ಆಗಿದೆ. ಹುಡುಗರಿಗೂ ಮಾಡಿಸಿ. ಸಂಜೆ ಮೈದಾನ ಹಂಚುವಾಗ ಹುಡುಗಿಯರಿಗೆ ಮೊದಲ ಸರದಿ ಕೊಡಿ, ಕತ್ತಲಾಗುವ ಮುಂಚೆ ಬಸ್ ಹಿಡಿಯಬೇಕಾದವರು ಅವರಲ್ಲೇ ಜಾಸ್ತಿ ಇರುತ್ತಾರೆ.